ಡಯಲ್ ಮೇಲಿನ ಹೆಸರು

ಸ್ವಿಟ್ಜರ್ಲೆಂಡಿನ ಒಂದು ವಾಚ್ ಕಂಪನಿಯ ಚರಿತ್ರೆಯನ್ನು ನಾನು ಬರೆದದ್ದು ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೋ ಊರಿನ ಆಫೀಸಿನಲ್ಲಿ ಕುಳಿತು. ಕಾರ್ಖಾನೆ ಎಂದೋ ಮುಚ್ಚಿತ್ತು. ಉಳಿದಿದ್ದ ಹೆಸರನ್ನು ಬೆಂಗಳೂರು ಮೂಲದ ಎಂಜಿನಿಯರೊಬ್ಬರು ಕೊಂಡಿದ್ದರು. ಲಾಕ್‌ಡೌನ್ ಸಡಿಲಾದ ವರ್ಷ ಅದು. ಹೊಸ ವಾಚಿನ ಜೊತೆ ಕೊಡುವ ಪುಸ್ತಿಕೆಯಲ್ಲಿ, ಕಂಪನಿ ಒಂದು ದಿನವೂ ನಿಂತಿಲ್ಲ ಎಂದು ಇರಬೇಕೆಂಬುದು ಅವರ ಆಸೆ. ನನಗೆ ಸಿಕ್ಕ ಕಾಗದಪತ್ರಗಳು ಮಾತ್ರ ಎಪ್ಪತ್ತರ ದಶಕದ ಕೊನೆಗೆ ನಿಂತುಬಿಡುತ್ತಿದ್ದವು.

ಆಗ ನಾನೇ ಬಾಯಿಬಿಟ್ಟೆ. "ಎಂಬತ್ತರ ದಶಕದಲ್ಲಿ ನಮ್ಮಜ್ಜ ಹುಬ್ಬಳ್ಳಿಯಲ್ಲಿ ಇದೇ ಕಂಪನಿಯ ಹೊಸ ವಾಚ್ ತಂದಿದ್ರು. ಕಾಗದ ಬಿಚ್ಚುವಾಗ ನಾನು ಪಕ್ಕದಲ್ಲೇ ಇದ್ದೆ."

"ಸೂಪರ್! ಪಕ್ಕಾ ತಾನೆ?" ಎಂದರು ಎಂಜಿನಿಯರ್.

"ಪಕ್ಕಾ."

"ಹಾಗಾದ್ರೆ ಅದನ್ನೇ ಹಾಕ್ಬಿಡಿ. ನಾಳೆ ಐದಕ್ಕೆ ಫೈಲ್ ಪ್ರಿಂಟ್‌ಗೆ ಹೋಗತ್ತೆ."

ಇತಿಹಾಸ ಓದಿ ಡಿಗ್ರಿ ಪಡೆದವಳು ನಾನು. ಆರು ವರ್ಷದ ಹುಡುಗಿಯ ಸಾಕ್ಷ್ಯವನ್ನು ಬೇರೆ ಯಾರಾದರೂ ಹೀಗೆ ಬಳಸಿದ್ದರೆ ಒಪ್ಪುತ್ತಿದ್ದೆನೆ? ಮರುದಿನ ಸ್ಯಾನ್ ಡಿಯಾಗೋಗೆ ಹೊರಟೆ. ವಾಚ್ ಅಲ್ಲಿ ಅಜ್ಜನ ಮಗಳ, ಎಂದರೆ ನನ್ನ ಸೋದರತ್ತೆಯ ಬಳಿ ಇತ್ತು. ಫ್ರೀವೇಯಲ್ಲಿ ಮುಂದೆಲ್ಲೋ ಅಪಘಾತವಾಗಿ ವಾಹನಗಳು ನಿಂತು, ತಲುಪುವಾಗ ಸಂಜೆ ನಾಲ್ಕು ಗಂಟೆ.

"ವರ್ಷದ ಮ್ಯಾಲೆ ಮಾರಿ ತೋರಿಸ್ಲಿಕತ್ತಿ," ಎಂದರು ಅತ್ತೆ. "ಅದೂ ನನ್ನ ನೋಡ್ಲಿಕ್ಕಲ್ಲ, ವಾಚ್ ನೋಡ್ಲಿಕ್ಕ!"

ಡಯಲ್ ಮೇಲೆ ಅದೇ ಹೆಸರು. ಮನಸ್ಸು ಹಗುರಾಯಿತು. ಆದರೆ ವಾಚಿನ ಕೇಸಿನ ಅಂಚೆಲ್ಲ ಸವೆದಿದ್ದರೂ ಅಕ್ಷರಗಳು ಮಾತ್ರ ನಿನ್ನೆ ಬರೆದಂತಿದ್ದವು. ತೆಳುವಾದ ಚಾಕು ಕೇಳಿ ತೆಗೆದುಕೊಂಡು ಹಿಂದಿನ ಮುಚ್ಚಳ ಎಬ್ಬಿಸಿದೆ. ಮೂರನೇ ಸಲಕ್ಕೆ ಅದು ಸಿಡಿದು ಬಂತು. ಒಳಗಿನ ಯಂತ್ರದ ಮೇಲೆ ಬೇರೊಂದು ಕಂಪನಿಯ ಹೆಸರು ಕೊರೆದಿತ್ತು.

"ಹಿಂಗ್ಯಾಕ ಬಾಯಿ ತಕ್ಕೊಂಡು ಕೂತಿ? ನೀರು ಹೋಗಿ ಕೆಟ್ಟಿತ್ತು, ಅಪ್ಪ ಮುಂಬೈಗೆ ಕಳಿಸಿದ್ದ. ಅವ್ರು ಮಷೀನ್ ಬ್ಯಾರೆ ಹಾಕಿ, ಡಯಲ್‌ಗೆ ಬಣ್ಣಾ ಹೊಡದು, ಹಳೇ ಹೆಸರೇ ತಿರುಗಿ ಬರದು ಕೊಟ್ರು. ಅದು ತಿರುಗಿ ಬಂದ ದಿನ, ಸುತ್ತಿದ್ದ ಕಾಗದಾ ನನಗ ಬೇಕಂತ ನೀ ಅತ್ತಿದ್ದಿ."

ಅತ್ತದ್ದು ನೆನಪಿಲ್ಲ. ಕಾಗದ ನೆನಪಿದೆ. ಅತ್ತೆ ಹೇಳುತ್ತಿರುವುದೂ ನೆನಪೇ ತಾನೆ ಎಂದುಕೊಂಡೆ, ಆದರೆ ಯಂತ್ರ ಎದುರಿಗೇ ಇತ್ತು.

ನಾಲ್ಕೂ ನಲವತ್ತಕ್ಕೆ ಎಂಜಿನಿಯರಿಗೆ ಫೋನ್ ಮಾಡಿ, ಅಂದು ಬಂದದ್ದು ಹೊಸದಲ್ಲ, ರಿಪೇರಿಯಾದ ಹಳೆಯ ವಾಚ್ ಎಂದು ಹೇಳಿದೆ. "ಆ ಸಾಲು ತೆಗೀರಿ."

"ನಿನ್ನೆ ಪಕ್ಕಾ ಅಂದ್ರಲ್ರೀ! ಯಾರು ಹೋಗಿ ಆ ವಾಚ್ ಬಿಚ್ಚಿ ನೋಡ್ತಾರೆ?"

"ನಾನು ನೋಡಿದೆ."

"ಆ ಜಾಗಕ್ಕೆ ಏನ್ ಹಾಕ್ಲಿ ಈಗ?"

"ಕಾರ್ಖಾನೆ ಮುಚ್ಚಿತು ಅಂತ ಹಾಕಿ."

ಅವರು ಲೈನ್ ಕಟ್ ಮಾಡಿದರು. ಐದಕ್ಕೆ ಎರಡು ನಿಮಿಷ ಇರುವಾಗ ಫೋನಿಗೆ ತಿದ್ದಿದ ಪುಟ ಬಂತು. ಅದರಲ್ಲಿ ಈಗ ಕಾರ್ಖಾನೆ ಮುಚ್ಚಿತ್ತು. ಪುಟದ ಕೆಳಗೆ ಮೊದಲಿದ್ದ ನನ್ನ ಹೆಸರು ಇರಲಿಲ್ಲ.

ಅತ್ತೆ ಎರಡೂ ಹೆಬ್ಬೆರಳಿನಿಂದ ಮುಚ್ಚಳ ಒತ್ತುತ್ತಿದ್ದರು. ಅದು ಕೂರುತ್ತಿರಲಿಲ್ಲ.

"ತಗದಾಕಿ ನೀನ," ಎಂದರು. "ನೀನ ಹಾಕು ಬಾ."