ಇಕ್ಕುವವಳ ಪಾಲು

ಅಂತರಸಂತೆಯ ಆಸ್ಪತ್ರೆಗೆ ನನ್ನನ್ನು ಹಾಕಿದ್ದಾರೆಂದು ತಿಳಿದಾಗ ಹುಣಸೂರಿನ ನಮ್ಮ ಮನೆಯಲ್ಲಿ ಅವ್ವ ಒಲೆಯ ಮುಂದೆ ಕೂತು ಅತ್ತಳು. ಕಾಡಂಚಿನ ಊರು ನಿಜ, ಆದರೆ ಅವಳು ಹೆದರಿದ್ದು ಆನೆಗಲ್ಲ, ಹುಲಿಗಲ್ಲ, ಜ್ವರಕ್ಕೆ. ಹೆಗ್ಗಡದೇವನಕೋಟೆಯ ಕಡೆಗೆ ವರ್ಗವಾಯಿತೆಂದರೆ ಸರ್ಕಾರಿ ಗುಮಾಸ್ತರೂ ಹೊಟ್ಟೆನೋವು ಅಂತ ಮಲಗಿಬಿಡುತ್ತಿದ್ದ ಕಾಲ ಅದು. ನನಗೆ ಅಂಥ ಹೆದರಿಕೆ ಇರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡ ಸತ್ತು, ಅಪ್ಪನ ಮನೆಯ ಹೊಗೆಸೊಪ್ಪಿನ ಮೂಟೆಗಳ ನಡುವೆ ಇನ್ನೊಂದು ಮೂಟೆಯಾಗಿ ಕೂತಿದ್ದವಳನ್ನು ಅಣ್ಣ ಮನೆಯವರ ಜೊತೆ ಜಗಳವಾಡಿ ಮೈಸೂರಿಗೆ ಕಳಿಸಿ ನರ್ಸ್ ಕೆಲಸ ಕಲಿಸಿದ್ದ. ಆ ಮೂಲೆಯಿಂದ ಎದ್ದರೆ ಸಾಕಾಗಿತ್ತು ನನಗೆ. ಎಲ್ಲಿಗೆ ಎಂದು ಕೇಳಲಿಲ್ಲ.

ಆಸ್ಪತ್ರೆ ಅಂದರೆ ಸಂತೆ ಮಾಳದ ಪಕ್ಕ ಹೆಂಚಿನ ಒಂದು ಸಣ್ಣ ಕಟ್ಟಡ. ಕಾಂಪೌಂಡರ್ ಒಬ್ಬರು, ನಾನೊಬ್ಬಳು. ಡಾಕ್ಟರು ಸಂತೆಯ ದಿನ ಮಾತ್ರ ಕೋಟೆಯಿಂದ ಬರುತ್ತಿದ್ದರು. ಔಷಧಿಗೆ ಕಾಸಿಲ್ಲ, ಆದರೆ ಬಾಟ್ಲಿಯನ್ನು ರೋಗಿಯೇ ತರಬೇಕು. ಊರಲ್ಲಿ ಬಾಟ್ಲಿ ಎಲ್ಲಿದೆ? ಎಣ್ಣೆಯದು, ಸೀಮೆಎಣ್ಣೆಯದು, ಸಾರಾಯಿಯದು, ಯಾರದೋ ಮನೆಯಿಂದ ಇಸಕೊಂಡದ್ದು, ಎಲ್ಲವೂ ಸೆರಗಿನೊಳಗೆ ಬರುತ್ತಿದ್ದವು. ಬೂದಿ ಹಾಕಿ ಉಜ್ಜಿ ಬಿಸಿನೀರಲ್ಲಿ ತೊಳೆಯುವುದೇ ನನ್ನ ಅರ್ಧ ಬೆಳಗಿನ ಕೆಲಸ. ಸೀಮೆಎಣ್ಣೆ ವಾಸನೆ ಬಂದರೆ ತಂದವರ ಮೂಗಿಗೇ ಹಿಡಿದು, "ನೀವೇ ಕುಡೀರಿ ನೋಡೋಣ" ಅನ್ನುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ. ಔಷಧಿ ತುಂಬಿದ ಮೇಲೆ ಕಾಂಪೌಂಡರು ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಬಾಟ್ಲಿಗೆ ಅಂಟಿಸುತ್ತಿದ್ದರು. ಬಾಟ್ಲಿಯಲ್ಲಿ ಔಷಧಿ ಒಂದು ಹಲ್ಲಿನಷ್ಟು ಇಳಿದರೆ ಅದು ಒಂದು ಸಲದ್ದು. ಓದು ಬರದವರಿಗೂ ಅರ್ಥವಾಗುವ ಲೆಕ್ಕ ಎಂದುಕೊಂಡಿದ್ದೆವು.

ಮಳೆ ಹಿಡಿದು ಬಿಟ್ಟ ಮೇಲೆ ಜ್ವರದ ಕಾಲ ಶುರುವಾಗುತ್ತಿತ್ತು. ಅಂಥ ಒಂದು ಸಂತೆಯ ದಿನ, ಕೆರೆಯ ಆಚೆಯ ಒಕ್ಕಲು ಮನೆಯೊಂದರಿಂದ ಅತ್ತೆ ಸೊಸೆ ಗಾಡಿಯಲ್ಲಿ ಬಂದರು. ಸೊಸೆ ಚೊಚ್ಚಲ ಬಸುರಿ, ತುಂಬಾ ಎಳೆಯವಳು, ಕಂಬಳಿ ಹೊದ್ದು ಹಲ್ಲು ಕಟಕಟ ಅನ್ನಿಸುತ್ತಿದ್ದಳು. ಅತ್ತೆ ಒಣಗಿದ ಮೈಯ, ಚುರುಕು ಕಣ್ಣಿನ ಹೆಂಗಸು. ಬೆಂಚಿನ ಮೇಲೆ ಕೂರಲಿಲ್ಲ. ಸೊಸೆಯ ಬೆನ್ನು ತಿಕ್ಕುತ್ತಾ ನಿಂತೇ ಇದ್ದಳು.

"ದೊಡ್ಡ ಸೊಸೆ ಹೋದ ವರ್ಸ ಇದೇ ಜರದಲ್ಲಿ ಹೋಗ್ಬುಟ್ಳು ಕಣವ್ವ. ಅವಳೂ ಬಸ್ರಿ. ಎರಡು ಹೆಣ್ಣು ಮಕ್ಕಳ್ನ ನನ್ನ ಮಡ್ಲಿಗೆ ಹಾಕಿ ಹೋದ್ಳು. ಇವಳ್ನ ಉಳಿಸಿಕೊಡಿ," ಅಂದಳು.

ಡಾಕ್ಟರು ಹೊಟ್ಟೆ ಒತ್ತಿ, ಕಣ್ಣು ಬಿಡಿಸಿ ನೋಡಿ, ಕ್ವಿನೈನ್ ಔಷಧಿ ಬರೆದರು. ನನ್ನನ್ನು ಪಕ್ಕಕ್ಕೆ ಕರೆದು, "ರಕ್ತ ತೀರಾ ಕಮ್ಮಿ ಇದೆ. ಜ್ವರ ಇಳೀದೇ ಹೋದರೆ ತಾಯಿ ಮಗು ಎರಡೂ ದಕ್ಕೋಲ್ಲ" ಎಂದರು. ನಾನು ಅತ್ತೆಗೆ ಕಾಗದದ ಹಲ್ಲು ತೋರಿಸಿ, ಹೊತ್ತು ಹೊತ್ತಿಗೂ ಒಂದೊಂದು ಎಂದು ಹೇಳಿದೆ. ಅವಳೂ ಹಲ್ಲಿನ ಮೇಲೆ ಬೆರಳಿಟ್ಟು ನಾನಂದದ್ದನ್ನೇ ತಿರುಗಿ ಹೇಳಿದಳು.

ಮುಂದಿನ ಸಂತೆಗೆ ಬಾಟ್ಲಿ ಖಾಲಿಯಾಗಿ ಬಂತು, ಜ್ವರ ಇದ್ದ ಹಾಗೇ ಇತ್ತು. ಡಾಕ್ಟರು ರೇಗಿದರು. "ಹಿತ್ತಲಿಗೆ ಚೆಲ್ಲಿ ಬಂದು ನಮ್ಮ ಹತ್ತಿರ ಸುಳ್ಳು ಹೇಳ್ತಾರೆ" ಎಂದರು. ನಾನು ಹುಡುಗಿಯನ್ನು ಒಳಗೆ ಕರೆದು ಕೂರಿಸಿಕೊಂಡೆ.

"ಕುಡಿದೆಯಾ?"

"ಕುಡ್ದೆ ಕಣವ್ವ. ನಮ್ಮತ್ತೆ ಒಂದು ಹೊತ್ತೂ ತಪ್ಪಿಸ್ನಿಲ್ಲ."

"ಕಿವಿ ಗುಂಯ್ ಅಂತದಾ?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ನನ್ನ ಮುಖ ನೋಡಿದಳು. "ಇಲ್ವಲ್ಲ," ಅಂದಳು ಹುಡುಗಿ.

ಕ್ವಿನೈನ್ ಸರಿಯಾಗಿ ಹೊಟ್ಟೆಗೆ ಹೋದರೆ ಕಿವಿಯೊಳಗೆ ದುಂಬಿ ಹೊಕ್ಕ ಹಾಗೆ ಗುಂಯ್‌ಗುಡಬೇಕು. ಜ್ವರಕ್ಕೆ ಬಿದ್ದು ನಾನೇ ಕುಡಿದವಳು, ನನಗೆ ಗೊತ್ತು. ಈ ಹುಡುಗಿ ಸುಳ್ಳು ಹೇಳುವ ಪೈಕಿಯೂ ಅಲ್ಲ. ಹಾಗಾದರೆ ಬಾಟ್ಲಿಯ ಔಷಧಿ ಎಲ್ಲಿಗೆ ಹೋಯಿತು? ಆವತ್ತು ಇನ್ನೊಂದು ಬಾಟ್ಲಿ ತುಂಬಿಸಿ ಕಳಿಸಿದೆ. ಮಾರನೆಯ ದಿನ ಬಸುರಿಯ ಹೊಟ್ಟೆ ನೋಡುವ ನೆಪ ಮಾಡಿಕೊಂಡು ಕೆರೆ ಏರಿ ದಾಟಿ ಅವರ ಮನೆಗೆ ನಡೆದೆ.

ಮಧ್ಯಾಹ್ನದ ಊಟದ ಹೊತ್ತು. ಮಾವ, ಇಬ್ಬರು ಗಂಡುಮಕ್ಕಳು ಮುದ್ದೆ ಉಂಡು ಕೈ ತೊಳೆದು ಮತ್ತೆ ಅದೇ ಜಾಗದಲ್ಲಿ ಬಂದು ಕೂತರು. ಯಾಕೆ ಏಳಲಿಲ್ಲ ಎಂದು ನಾನು ನೋಡುತ್ತಿದ್ದ ಹಾಗೇ ಅತ್ತೆ ಗೋಡೆಯ ಗೂಡಿನಿಂದ ಬಾಟ್ಲಿ ತೆಗೆದಳು. ಕೂಸಿಗೆ ಹಾಲು ಕುಡಿಸುವ ಒಳಲೆಗೆ ಒಂದಿಷ್ಟು ಬಗ್ಗಿಸಿ ಮೊದಲು ಮಾವನಿಗೆ ಕೊಟ್ಟಳು. ಆತ ತೀರ್ಥ ತೆಗೆದುಕೊಂಡ ಹಾಗೆ ಕುಡಿದು ತಲೆ ಸವರಿಕೊಂಡ. ಆಮೇಲೆ ದೊಡ್ಡ ಮಗ, ಆಮೇಲೆ ಹುಡುಗಿಯ ಗಂಡ, ಆಮೇಲೆ ತಾಯಿ ಇಲ್ಲದ ಎರಡು ಹೆಣ್ಣು ಮಕ್ಕಳು ಮುಖ ಕಿವುಚಿಕೊಂಡು. ಅದಾದ ಮೇಲೆ ಬಸುರಿ. ಕಾಗದದ ಒಂದು ಹಲ್ಲು ಅಷ್ಟು ಬಾಯಿಗೆ ಹಂಚಿಹೋಗಿತ್ತು. ಕೊನೆಗೆ ಅತ್ತೆ ಒಳಲೆಗೆ ನೀರು ಹಾಕಿ ಗಲಬರಿಸಿ ಆ ನೀರನ್ನು ತಾನು ಕುಡಿದಳು.

ನನಗೆ ಮೈಯೆಲ್ಲ ಉರಿಯಿತು. "ಇದೇನು ಪ್ರಸಾದವಾ ಪಂಕ್ತಿಗೆ ಹಂಚೋಕೆ? ಇವಳಿಗೆ ಕೊಟ್ಟದ್ದನ್ನ ಊರಿಗೆಲ್ಲ ಕುಡಿಸಿದರೆ ಇವಳು ಉಳೀತಾಳಾ?" ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ.

ಅತ್ತೆ ಹೆದರಲಿಲ್ಲ. "ಎಲ್ರಿಗೂ ಜರ ಬಂದು ಬಂದು ಹೋಯ್ತಾ ಅದೆ ಕಣವ್ವ. ಜರ ಮನೇದಲ್ವಾ, ಇವಳೊಬ್ಬಳ್ದಾ? ಮನೆಗೆ ಬಂದಿದ್ದ ಒಬ್ಬಳಿಗೇ ಇಕ್ಕಿ, ಮಿಕ್ಕೋರು ಬಾಯಿ ನೋಡ್ಕಂಡು ಕೂತ್ಕಳಕಾಯ್ತದಾ? ಒಂದು ಬಾಳೆಹಣ್ಣು ಬಂದ್ರೂ ನಾನು ಅಂಗೇ ಹಂಚೋದು."

ಅವಳ ಮಾತಲ್ಲಿ ಕಪಟ ಇರಲಿಲ್ಲ. ಆ ಮನೆಯಲ್ಲಿ ಇಕ್ಕುವವಳು ಅವಳು. ಗಂಡಸರು, ಮಕ್ಕಳು, ಬಸುರಿ, ಕೊನೆಗೆ ಮಿಕ್ಕರೆ ತಾನು. ಮುದ್ದೆಗೂ ಅದೇ ಸಾಲು, ಔಷಧಿಗೂ ಅದೇ ಸಾಲು. ನಾನು ಸ್ವಲ್ಪ ತಣ್ಣಗಾಗಿ ಮಾವನ ಕಡೆ ತಿರುಗಿದೆ. "ಮನೆಗೆ ಬೇರೆ ಬಾಟ್ಲಿ ಕೊಡಿಸ್ತೀನಿ. ಇದು ಮಾತ್ರ ಇವಳದು. ಹೊತ್ತಿಗೆ ಒಂದು ಹಲ್ಲು ಪೂರಾ ಇವಳೇ ಕುಡೀಬೇಕು. ಇಲ್ಲಾಂದರೆ ದೊಡ್ಡ ಸೊಸೆಯ ದಾರಿಯೇ" ಎಂದೆ. ಗರ್ಭಿಣಿಯ ಎದುರಿಗೆ ಅಂಥ ಮಾತು ಆಡಬಾರದು, ಆಡಿದೆ. ಮುದುಕ ಸೊಸೆಯ ಕಡೆ ನೋಡಿ, "ಆ ಮಗೀಗೆ ಮೊದ್ಲು ಇಕ್ಕು," ಎಂದು ಹೆಂಡತಿಗೆ ಹೇಳಿದ.

ಡಾಕ್ಟರನ್ನು ಕಾಡಿ ಬೇಡಿ ಎರಡನೆಯ ಬಾಟ್ಲಿ ಕೊಡಿಸಿದೆ. ಯಾವುದು ಯಾರದೆಂದು ಗೊತ್ತಾಗಲಿ ಎಂದು ಸೊಸೆಯ ಬಾಟ್ಲಿಯ ಕುತ್ತಿಗೆಗೆ ಅತ್ತೆ ತಾನೇ ಕೆಂಪು ದಾರ ಕಟ್ಟಿದಳು. ಮೊದಲ ಸಲ ಮಾವನಿಗಿಂತ ಮುಂಚೆ ಕುಡಿಯುವಾಗ ಆ ಹುಡುಗಿ ನಾಚಿಕೆಯಿಂದ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಗಂಡಸರೆಲ್ಲ ಸೂರು ನೋಡುತ್ತಾ ಕೂತರು. ಅತ್ತೆಗೆ ಮಾತ್ರ ಹೆಮ್ಮೆ. "ಕಣ್ಣಿಗೆ ಎಣ್ಣೆ ಬುಟ್ಕಂಡು ಕಾಯ್ತೀನಿ, ನೋಡ್ತಾ ಇರಿ," ಅಂದಳು. ಕಾದಳು ಕೂಡ. ಹುಡುಗಿಗೆ ಕಿವಿ ಗುಂಯ್ ಅನ್ನತೊಡಗಿತು, ಚಳಿ ಬಿಟ್ಟಿತು. ಮುದ್ದೆ ಒಳಗೆ ಹೋಗುವಂತಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟರೆ ಕೂಸು ಒದೆಯುತ್ತಿತ್ತು. ಅಂತೂ ಒಂದು ಜೀವ ಉಳಿಸಿದೆ ಎಂದು ನಾನೂ ಬೀಗಿದೆ.

ಅತ್ತೆಯ ಹೆಗಲ ಮೇಲೆ ಕಂಬಳಿ ಕಂಡದ್ದು ಆಮೇಲೆ. ಬಿಸಿಲಲ್ಲಿ ರಾಗಿ ಹರಡುತ್ತಿದ್ದವಳು ಕಂಬಳಿ ಹೊದ್ದಿದ್ದಳು. ತುಟಿ ಕಪ್ಪಗಾಗಿತ್ತು.

"ನಿಮಗೂ ಜ್ವರ ಬರ್ತಿದೆಯಾ?"

"ಕೆರೆ ಗಾಳಿ ಕಣವ್ವ. ವಸಿ ಚಳಿ."

ನನಗೆ ಗಾಳಿಯ ಕತೆ ಬೇಡವಾಗಿತ್ತು. ಮನೆಯ ಬಾಟ್ಲಿ ಅವಳ ಹತ್ತಿರ ಬರುವಷ್ಟರಲ್ಲಿ ಏನು ಮಿಕ್ಕುತ್ತಿತ್ತೆಂದು ನಾನೇ ಕಂಡಿದ್ದೆ. ಸಂತೆಯ ದಿನ ಡಾಕ್ಟರಿಗೆ ಹೇಳಿ ಅವಳೊಬ್ಬಳಿಗೇ ಒಂದು ಬಾಟ್ಲಿ ತುಂಬಿಸಿ, ಮನೆಗೆ ಹೋಗಿ ಕೈಗೆ ಕೊಟ್ಟು ಬಂದೆ. ಆಮೇಲೆ ಹೋದಾಗಲೆಲ್ಲ ಕೇಳಿದೆ. "ಕುಡೀತಿದ್ದೀರಾ?" "ಊ ಕಣವ್ವ." "ಕಿವಿ?" "ಗುಂಯ್ ಅಂತದೆ ಕಣವ್ವ, ನೀವು ಮಾತಾಡೋದೂ ಕೇಳಾಕಿಲ್ಲ," ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಸೊಸೆಗೆ ನೋವು ಶುರುವಾದದ್ದು ಒಂದು ಬೆಳಿಗ್ಗೆ, ನನಗೆ ಹೇಳಿ ಕಳಿಸಿದರು. ಬಿಸಿಲು ಏರುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಸಣ್ಣದು, ಆದರೆ ಗಂಟಲು ಜೋರು. ಅತ್ತೆ ನನಗೆ ನೀರು ಕಾಯಿಸಿ ಕೊಟ್ಟಳು, ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ಅವಳ ಕೈ ತಾಗಿದಾಗ ಒಲೆಯ ಕಲ್ಲಿನ ಹಾಗೆ ಸುಡುತ್ತಿತ್ತು. ನಾನು ಏನಾದರೂ ಅನ್ನುವ ಮೊದಲೇ ಕೂಸನ್ನು ಬಾಣಂತಿಯ ಪಕ್ಕ ಮಲಗಿಸಿ ಅಲ್ಲೇ ಗೋಡೆಗೆ ಒರಗಿ ಕೂತಳು. ಮತ್ತೆ ಏಳಲಿಲ್ಲ.

"ನಿಮ್ಮ ಬಾಟ್ಲಿ ಎಲ್ಲಿ?" ಎಂದು ಕೂಗಿದೆ. ಗೂಡಿನಲ್ಲಿ ಇರಲಿಲ್ಲ. ದೊಡ್ಡ ಮಗ ಹುಡುಕಿ ರಾಗಿ ಮಡಕೆಗಳ ಹಿಂದಿನಿಂದ ತಂದ. ತುಂಬಿದ ಬಾಟ್ಲಿ ತುಂಬಿದ ಹಾಗೇ ಇತ್ತು. ಕಾಗದದ ಒಂದು ಹಲ್ಲೂ ಇಳಿದಿರಲಿಲ್ಲ. ಅದರ ಕುತ್ತಿಗೆಗೂ ಕೆಂಪು ದಾರ ಕಟ್ಟಿತ್ತು.

"ಬಾಣಂತಿಗೆ ಜರ ತಿರುಗ್ತದೆ ಅಂತಾರೆ ಕಣವ್ವ. ಅದ್ಕೆ ಇಟ್ಟಿವ್ನಿ," ಎಂದಳು ಅತ್ತೆ. ಮಾತು ತಡೆತಡೆದು ಬಂತು, ಆದರೆ ಸ್ಪಷ್ಟವಾಗಿತ್ತು.

"ಕಿವಿ ಗುಂಯ್ ಅಂತದೆ ಅಂದಿರಲ್ಲ!"

"ಅಂಗನ್ನದಿದ್ರೆ ನೀವು ಬೈತಿದ್ರಿ."

ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳಲೆಯಲ್ಲಿ ಔಷಧಿ ಹಾಕಿದೆ. ಒಂದು ಗುಟುಕು ಇಳಿಯಿತು. ಮಿಕ್ಕದ್ದು ಕಟಬಾಯಿಯಿಂದ ಹರಿದು ನನ್ನ ಸೀರೆಗೆ ಬಂತು. ಗಾಡಿ ಕಟ್ಟಿಸಿ ಕೋಟೆಗೆ ಕರೆದೊಯ್ಯೋಣವೆಂದೆ, ಎತ್ತು ಹೂಡುವಷ್ಟರಲ್ಲಿ ಅವಳಿಗೆ ಜ್ವರ ತಲೆಗೇರಿತು, ಸತ್ತುಹೋಗಿದ್ದ ದೊಡ್ಡ ಸೊಸೆಯನ್ನು ಹೆಸರು ಹಿಡಿದು ಊಟಕ್ಕೆ ಕರೆಯತೊಡಗಿದಳು. ಗಾಡಿ ಊರು ದಾಟಲಿಲ್ಲ. ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದು ಅನ್ನುತ್ತಾರೆ. ನನಗೆ ಬಂತು. ಅವಳನ್ನು ಮಲಗಿಸಿದ ಜಗುಲಿಯ ಮೇಲೆ ಕೂತು ಅಳುತ್ತಾ ಅವಳನ್ನೇ ಬೈದೆ.

ಆಮೇಲೆ ಆ ಮನೆಯ ಕಡೆ ನಾನು ಹೆಚ್ಚು ಹೋಗಲಿಲ್ಲ, ಕೂಸು ಚೆನ್ನಾಗಿದೆ ಎಂದು ಸಂತೆಗೆ ಬಂದವರಿಂದ ಕೇಳುತ್ತಿದ್ದೆ. ಮುಂದಿನ ಮಳೆಗಾಲ ಕಳೆದ ಮೇಲೆ ಸೊಸೆ ಒಬ್ಬಳೇ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ನಡೆದು ಬಂದಳು. ಗದ್ದೆ ಕೆಲಸಕ್ಕೆ ಕೈ ಒರಟಾಗಿತ್ತು. ಸೆರಗಿನಿಂದ ಬಾಟ್ಲಿ ತೆಗೆದು ಇಟ್ಟಳು. ಕುತ್ತಿಗೆಯ ದಾರ ಬಣ್ಣ ಕಳೆದುಕೊಂಡಿತ್ತು, ಆದರೂ ಬಿಚ್ಚಿರಲಿಲ್ಲ.

"ಮಾವಂಗೆ ಜರ ಕಣವ್ವ. ಮಕ್ಳಿಗೂ ಅದೆ."

"ನಿನಗೆ?"

ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ನಾನೇ ಹಣೆ ಮುಟ್ಟಿ ನೋಡಿದೆ, ಸುಡುತ್ತಿತ್ತು. "ಇದೇನೇ, ನಿನ್ನದನ್ನ ಹೇಳೋದೇ ಇಲ್ಲವಲ್ಲ. ಮನೆಯಲ್ಲಿ ಮೊದಲು ನೀನು ಕುಡಿ, ಆಮೇಲೆ ಉಳಿದವರಿಗೆ ಕೊಡು, ತಿಳೀತಾ?" ಎಂದೆ.

"ಆಗ ಬಸ್ರಿ ಅಂತ ಇಕ್ಕಿದ್ರು," ಎಂದಳು ಅವಳು. ನನಗೆ ಅಷ್ಟೂ ಗೊತ್ತಿಲ್ಲವಲ್ಲ ಎಂಬ ಹಾಗೆ ನೋಡಿದಳು. "ಈಗ ಮನೇಲಿ ಇಕ್ಕೋಳು ನಾನೇ ಅಲ್ವಾ."

ನಾನು ಕೂಸನ್ನು ಅವಳ ಕೈಯಿಂದ ಇಸಕೊಂಡು, ಬಾಗಿಲು ಮುಂದಕ್ಕೆ ಮಾಡಿ, ಆಸ್ಪತ್ರೆಯ ಲೋಟಕ್ಕೆ ಒಂದು ಹಲ್ಲಿನಷ್ಟು ಔಷಧಿ ಪೂರಾ ಬಗ್ಗಿಸಿದೆ. ದಿನಾ ಇಲ್ಲಿಗೆ ಬಂದು ನನ್ನ ಕಣ್ಣೆದುರಿಗೆ ಕುಡಿಯದಿದ್ದರೆ ಮನೆಗೆ ಒಂದು ತೊಟ್ಟೂ ಕೊಡುವುದಿಲ್ಲ ಎಂದೆ. ಅವಳು ಲೋಟ ಹಿಡಿದುಕೊಂಡು ಕಿಟಕಿಯ ಆಚೆ ಸಂತೆ ಮಾಳದಲ್ಲಿ ತನ್ನ ಮನೆಯವರು ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಯಾರೂ ಇರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ ಕುಡಿದಳು.