ಅರಿಶಿಣ ಹಚ್ಚಿದ ಹಾಜರಿ

ಹಡಗಲಿ ಕಡೆ ಒಂದೂರಾಗ ಹೆಣ್ಮಕ್ಕಳಿಗೆ ಹೊಲಿಗಿ ಕಲಿಸಾಕ ಹೋಗಿದ್ದೆ. ದಿನಾ ತಪ್ಪದಂಗ ತರಬೇತಿಗೆ ಬಂದೋರಿಗೆ ಕೊನಿಗೆ ಒಂದು ಚೀಲ ಅಕ್ಕಿ. ಒಂದಿನ ತಪ್ಪಿದ್ರೂ ಇಲ್ಲ. ಹಾಜರಿ ಹಾಕೋದು ನಾನಲ್ಲ, ಮಾರಿ ನೋಡಿ ಗುರ್ತು ಹಿಡಿಯೋ ಮೊಬೈಲು.

ಮೊದಲನೇ ದಿನ ಹಾಲವ್ವ ಅನ್ನೋಕಿ ಮೈಲಾರದ ಗುಡಿಯಿಂದ ಸೀದಾ ಬಂದಿದ್ಲು, ಮಾರಿ ತುಂಬ ದೇವರ ಅರಿಶಿಣ, ಭಂಡಾರ. ಬುದ್ಧಿವಂತ ನಾನು, ಹಂಗ ಫೋಟೋ ತಗದು ಹೆಸರು ಹಚ್ಚಿದೆ. ಮರುದಿನ ಆಕಿ ಮಾರಿ ತೊಳಕೊಂಡು ಬಂದ್ರ, ಈಕಿ ಆಕಿ ಅಲ್ಲ ಅಂತು ಮೊಬೈಲು. ಒಮ್ಮಿ ಹಾಕಿದ ಫೋಟೋ ಬದಲಸಾಕೂ ಬರಂಗಿಲ್ಲ.

“ಒಂಚೂರು ಭಂಡಾರ ಹಚ್ಕೋ ಯವ್ವಾ” ಅಂದೆ.

“ಭಂಡಾರ ದೇವರದ್ರೀ ಮಾಸ್ತರ! ನಿಮ್ಮ ಮೊಬೈಲಿಗೆ ಹಚ್ಕೊಳ್ಳಾಕ ಬರ್ತೈತೇನು?”

“ಮತ್ತ ಅಕ್ಕಿ ಹೋಕ್ಕೈತಲ್ಲ.”

“ಹೆಂಗ ಹೋಕ್ಕೈತಿ? ಮನ್ಯಾಗ ಉಣ್ಣೋ ಬಾಯಿ ಅದಾವ. ತಡೀರಿ, ಅಡಿಗಿ ಅರಿಶಿಣ ತರ್ತೀನಿ.”

ನಾನು ಅಂಗೈಯಾಗ ಅರಿಶಿಣ ಕಲಸಿ ಕೊಟ್ಟೆ, ಆಕಿ ಹಚ್ಕೊಂಡ್ಲು. “ಗಲ್ಲಕ್ಕ ಇನ್ನೊಂಚೂರು” ಅಂತ ಬೆವರು ಒರಸ್ಕೋತ ಹೇಳಿದೆ. ಬಿತ್ತು ನೋಡ್ರಿ ಹಾಜರಿ! ಕೊನಿ ದಿನದ ತನಕ ಹಂಗ ಬಂದು ಅಕ್ಕಿ ಚೀಲ ಒಯ್ದ್ಲು.

ಆದ್ರ ನಾನು ಅರಿಶಿಣ ಕಲಸಿದ ಆವತ್ತು ಹೆಣ್ಮಕ್ಕಳೆಲ್ಲ ನನ್ನ ಮಾರಿ ನೋಡಿ ನಗಾಕತ್ತಿದ್ರು. ಬೆವರು ಒರಸ್ಕೊಂಡಿದ್ದು ಅರಿಶಿಣದ ಕೈಲೆ. ಕಲಿಸೋರ ಹಾಜರಿನೂ ಅದ ಮೊಬೈಲಿನ್ಯಾಗ. ಅದು ನನ್ನ ಗುರ್ತು ಹಿಡೀಲಿಲ್ಲ. ಸೋಪು ಹಚ್ಚಿ ತಿಕ್ಕಿದೆ, ಹಳದಿ ಹೋಗಿ ಕೆಂಪಾತು, ಮೊಬೈಲು ಆಗ್ಲೂ ಒಪ್ಪಲಿಲ್ಲ.

ಈಗ್ಲೂ ಆವತ್ತಿನ ದಾಖಲೆ ತಗದು ನೋಡಿದ್ರ, ಮಾಸ್ತರಿಲ್ಲದ ಕ್ಲಾಸಿನ್ಯಾಗ ಎಲ್ಲಾರೂ ಕುಂತು ಜಂಪರಿಗೆ ತೋಳು ಹಚ್ಚೋದು ಕಲ್ತಾರ.