ಟೇಪತ್ತೆ ಮತ್ತು ಏಳು ಪದರದ ಪೆಡಲ್

ನನ್ನ ಸೋದರತ್ತೆಯನ್ನು ಬೀದಿಯವರೆಲ್ಲ ಟೇಪತ್ತೆ ಎನ್ನುತ್ತಿದ್ದರು. ಅಳತೆಯ ಟೇಪು ಅವಳ ಕೊರಳಿನಿಂದ ಇಳಿದದ್ದನ್ನು ಕಂಡವರು ಕಡಿಮೆ. ಹುಟ್ಟುವಾಗಲೇ ಹಾಕಿಕೊಂಡು ಬಂದಿದ್ದಾಳೆ ಎಂದು ಅಪ್ಪ ತನ್ನ ಅಕ್ಕನನ್ನು ಛೇಡಿಸುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಶಾಲೆಯ ಯೂನಿಫಾರ್ಮ್ ಹೊಲಿಯುವುದು, ಹೊಟ್ಟೆ ಬಂದವರ ಪ್ಯಾಂಟು ಸಡಿಲಿಸುವುದು ಅವಳ ಮುಖ್ಯ ಕೆಲಸ. ಮಕ್ಕಳ ಬಟ್ಟೆಯಾದರೆ ಅಂಚಿನಲ್ಲಿ ನಾಲ್ಕು ಬೆರಳು ಒಳಗೆ ಮಡಚಿಯೇ ಹೊಲಿಯುತ್ತಿದ್ದಳು, ಬೆಳೆದ ಹಾಗೆ ಬಿಚ್ಚಿಕೊಡಲು. ನನಗಂತೂ ಉದ್ದ ಅಗಲ ಎಲ್ಲವನ್ನೂ ಧಾರಾಳವಾಗಿಯೇ ಬಿಡುತ್ತಿದ್ದಳು. ಹಾಗಾಗಿ ಬಾಲ್ಯವಿಡೀ ನಾನು ಮುಂದಿನ ವರ್ಷದ ನನ್ನ ಫ್ರಾಕಿನೊಳಗೇ ಓಡಾಡಿದೆ.

ಮಧ್ಯಾಹ್ನ ಅವಳ ಕತ್ತರಿಸುವ ಮೇಜಿನ ಕೆಳಗೆ, ಬಟ್ಟೆಚೂರುಗಳ ರಾಶಿಯ ಮೇಲೆ ನನ್ನ ನಿದ್ದೆ. ಕಿಟಕಿಯ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಎದುರಿಗೆ ಹೊಲಿಗೆ ಮೆಷಿನ್ನಿನ ಪೆಡಲ್ ಮೇಲೆ ಅವಳ ಬರಿಗಾಲು. ನೇರ ಹೊಲಿಗೆಗೆ ಒಂದು ಲಯ, ತೋಳಿನ ತಿರುವಿಗೆ ಇನ್ನೊಂದು, ದಾರ ಕಡಿದರೆ ಮೌನ. ಕಣ್ಣು ಮುಚ್ಚಿದರೆ ಇಡೀ ಕೋಣೆ ಮೆಲ್ಲಗೆ ಎಲ್ಲಿಗೋ ಹೊರಟಂತಾಗುತ್ತಿತ್ತು. ನಿದ್ದೆಯಲ್ಲೂ ನನ್ನ ಬೆರಳುಗಳು ನೆಲ ಕುಟ್ಟುತ್ತಿದ್ದವಂತೆ.

ಎಂಟನೇ ವರ್ಷಕ್ಕೆ ಶಾಲೆಯಲ್ಲಿ ಡ್ರಮ್ ಪಾಠಕ್ಕೆ ಸೇರಿದೆ. ಮನೆಯಲ್ಲಿ ಎರಡು ಮರದ ಸ್ಕೇಲು ಹಿಡಿದು ಕುಶನ್ನುಗಳನ್ನು ಬಡಿಯುತ್ತಿದ್ದೆ. ಮೂರು ತಿಂಗಳಾದ ಮೇಲೆ ಸಂಗೀತದ ಮೇಷ್ಟ್ರು ಅತ್ತೆಯನ್ನು ಕರೆಸಿ, "ಕುಶನ್ ಬಡಿದ್ರೆ ಕೈ ಕಲಿಯುತ್ತೆ, ಕಾಲು ಕಲಿಯಲ್ಲ. ಮನೇಲಿ ಒಂದು ಸೆಟ್ ಇದ್ರೆ ಇವಳು ಮುಂದುವರಿಯಲಿ. ಇಲ್ಲಾಂದ್ರೆ ಇವಳ ಜಾಗ ಬೇರೆ ಮಗುಗೆ ಕೊಡಬೇಕಾಗುತ್ತೆ" ಎಂದರು. ಮಾರನೆಯ ದಿನ ಅತ್ತೆ ಹೊಸ ಮೋಟಾರು ಮೆಷಿನ್ನಿಗೆಂದು ಕೂಡಿಟ್ಟಿದ್ದನ್ನು ತೆಗೆದುಕೊಂಡು ನನ್ನನ್ನು ವಾದ್ಯಗಳ ಅಂಗಡಿಗೆ ಕರೆದೊಯ್ದಳು.

ಅವಳ ಕೈಗೆಟುಕುವಂಥವು ಅಲ್ಲಿ ಎರಡೇ ಇದ್ದವು. ಒಂದು ಮಕ್ಕಳ ಸೆಟ್ಟು, ಕೆಂಪು, ಹೊಚ್ಚ ಹೊಸದು. ಇನ್ನೊಂದು ಯಾರೋ ಬಳಸಿ ಬಿಟ್ಟದ್ದು, ನೀಲಿ ಬಣ್ಣ ಅಲ್ಲಲ್ಲಿ ಎದ್ದಿತ್ತು, ಆದರೆ ದೊಡ್ಡವರದು.

"ಚಿಕ್ಕದು ತಗೊಳ್ಳಿ ಅಮ್ಮಾ, ಮಗುಗೆ ಸರಿಹೋಗುತ್ತೆ" ಎಂದ ಅಂಗಡಿಯವನು. ಪ್ರಾಮಾಣಿಕ ಮನುಷ್ಯ, "ಎರಡು ಮೂರು ವರ್ಷ ಬರುತ್ತೆ ಅಷ್ಟೆ" ಎಂದೂ ಸೇರಿಸಿದ.

ಅಷ್ಟು ಸಾಕಾಯಿತು. ಅತ್ತೆ ಟೇಪು ಎಳೆದು ಎರಡರ ಸುತ್ತಳತೆ, ಎತ್ತರ, ಸ್ಟೂಲು, ಸ್ಟ್ಯಾಂಡು ಎಲ್ಲವನ್ನೂ ಅಳೆದೂ ಸುರಿದೂ ನೋಡಿದಳು. ಕೆಂಪು ಸೆಟ್ಟಿನ ಸಿಂಬಲ್ ಎಂಬ ಲೋಹದ ತಟ್ಟೆಗೆ ಕಡ್ಡಿಯಿಂದ ತಟ್ಟಿ, "ಪಾತ್ರೆ ಮುಚ್ಚಳ ಬಿದ್ದ ಹಾಗಿದೆ" ಎಂದು ಮೂಗು ಮುರಿದಳು. ನೀಲಿಯದನ್ನು ತಟ್ಟಿದಾಗ ಸದ್ದು ಎದ್ದು, ತೆಳ್ಳಗಾಗಿ, ಕೇಳಿಸುತ್ತಿದೆಯೋ ಇಲ್ಲವೋ ಎನ್ನುವಷ್ಟು ಹೊತ್ತು ನಿಂತಿತ್ತು. ನನಗೆ ಅದೇ ಬೇಕಾಗಿತ್ತು. ಹೊಂದದಿದ್ದರೆ ವಾರದೊಳಗೆ ವಾಪಸ್ ತರಬಹುದು ಎಂದು ಅಂಗಡಿಯವನು ಹೇಳಿ ಕಳಿಸಿದ.

ಆ ದಿನ ಅತ್ತೆ ಅಳೆಯದೆ ಬಿಟ್ಟದ್ದು ನನ್ನೊಬ್ಬಳನ್ನೇ. ನನ್ನ ಅಳತೆ ಅವಳಿಗೆ ಬಾಯಿಪಾಠವಾಗಿತ್ತಲ್ಲ. ಆದರೆ ಅವಳ ಬಾಯಲ್ಲಿದ್ದದ್ದು ಒಳಗೆ ಮಡಚಿದ್ದನ್ನೂ ಸೇರಿಸಿದ ಅಳತೆ.

ಮನೆಯಲ್ಲಿ ಸ್ಟೂಲನ್ನು ಪೂರ್ತಿ ತಗ್ಗಿಸಿ ಕೂತರೂ ದೊಡ್ಡ ಡ್ರಮ್ಮನ್ನು ಕಾಲಿನಿಂದ ನುಡಿಸುವ ಪೆಡಲ್ಲಿಗೂ ನನ್ನ ಪಾದಕ್ಕೂ ನಾಲ್ಕು ಬೆರಳು ಅಂತರ ಉಳಿಯಿತು. ಹೇಳಿದರೆ ಸೆಟ್ಟು ವಾಪಸ್ ಹೋಗುತ್ತದೆ. ಕೆಂಪು ಮುಚ್ಚಳ ಬರುತ್ತದೆ, ಅಥವಾ ಅದೂ ಇಲ್ಲ. ದೊಗಳೆ ಬಟ್ಟೆಯಲ್ಲಿ ಬೆಳೆದವಳಿಗೆ ಸರಿಹೊಂದಿದೆ ಎಂದು ನಟಿಸುವುದು ಹೊಸತಲ್ಲ. ಸ್ಟೂಲಿನ ಅಂಚಿಗೆ ಜಾರಿ, ಅರ್ಧ ನಿಂತು, ಹೆಬ್ಬೆರಳ ತುದಿಯಿಂದ ಪೆಡಲ್ ಒತ್ತಿದೆ. ಐದು ದಿನ ಹಾಗೇ ನುಡಿಸಿದೆ. ಕನಸಲ್ಲಿ ಮಾತ್ರ ನನ್ನ ಕಾಲು ನೀಳವಾಗಿ ನೆಲ ಮುಟ್ಟುತ್ತಿತ್ತು.

ಆರನೆಯ ದಿನ ನಾನು ನುಡಿಸುತ್ತಿರುವಾಗ ಅತ್ತೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಒಂದು ಕೋಟಿನ ಅಂಚು ಹಿಡಿಯುತ್ತಿದ್ದಳು. ಕೈ ನಿಂತಿತು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ಪುಟ್ಟಿ, ನೆಟ್ಟಗೆ ಕೂತ್ಕೋ."

"ಕೂತಿದೀನಲ್ಲ."

"ಎಡಭುಜ ಎರಡು ಬೆರಳು ಇಳಿದಿದೆ. ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?"

ಅಳು ಉಕ್ಕಿ ಬಂತು. "ವಾಪಸ್ ಕೊಡಬೇಡ ಅತ್ತೆ. ನಾನು ಬೇಗ ಬೆಳೀತೀನಿ."

ಅವಳು ನನ್ನ ಮುಂದೆ ನೆಲದ ಮೇಲೆ ಕೂತಳು. ಕೊರಳಿನ ಟೇಪು ತೆಗೆದು ನನ್ನ ಮಂಡಿಯಿಂದ ಹಿಮ್ಮಡಿಯವರೆಗೆ ಹಿಡಿದಳು. ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು.

"ಇಷ್ಟೇನಾ ನೀನು?" ಎಂದಳು. ನನ್ನನ್ನು ಅಷ್ಟು ಮೆತ್ತಗೆ ಯಾರೂ ಯಾವತ್ತೂ ಮಾತಾಡಿಸಿರಲಿಲ್ಲ.

ಸಂಜೆ ಅಂಗಡಿಯ ಬಾಗಿಲು ಬೇಗ ಮುಚ್ಚಿದಳು. ಕೋಟಿನೊಳಗೆ ಹಾಕುವ ದಪ್ಪ ಉಣ್ಣೆ ಬಟ್ಟೆಯನ್ನು ಒತ್ತಾಗಿ ಮಡಚಿ, ಪಾದದ ಆಕಾರಕ್ಕೆ ಕತ್ತರಿಸಿ, ಏಳು ಪದರ ಒಂದರ ಮೇಲೊಂದು ಇಟ್ಟು ಹೊಲಿದು, ಡ್ರಮ್ಮಿನ ಪೆಡಲ್ಲಿಗೆ ಬಿಗಿದಳು. "ಫ್ರಾಕಿಗೆ ಬಿಟ್ಟ ಹಾಗೇ ಇದಕ್ಕೂ ಬಿಟ್ಟಿದೀನಿ. ಒತ್ತು ನೋಡೋಣ." ಒತ್ತಿದೆ. ಧಡಂ ಎಂದದ್ದು ನನ್ನ ಹೊಟ್ಟೆಯವರೆಗೂ ಬಂತು. ವಾರ ಮುಗಿಯಿತು, ಡ್ರಮ್ ಅಂಗಡಿಯ ಕಡೆ ಯಾರೂ ಹೋಗಲಿಲ್ಲ.

ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ನನ್ನ ಯೂನಿಫಾರ್ಮಿನ ಅಂಚು ಬಿಚ್ಚುವ ದಿನವೇ ಒಂದು ಪದರವನ್ನೂ ಬಿಚ್ಚಿ ಗುಂಡಿಗಳ ಡಬ್ಬಿಗೆ ಹಾಕುತ್ತಿದ್ದಳು. ಹದಿನೈದಕ್ಕೆ ನನ್ನ ಕಾಲು ಬರೀ ಕಬ್ಬಿಣವನ್ನು ಮುಟ್ಟಿತು. ಮೋಟಾರು ಮೆಷಿನ್ನಿನ ಮಾತು ಮತ್ತೆ ಬರಲೇ ಇಲ್ಲ.

ಈಗ ನಾನೇ ಮಕ್ಕಳಿಗೆ ಡ್ರಮ್ ಕಲಿಸುತ್ತೇನೆ. ಹೋದ ತಿಂಗಳು ಮನೆಗೆ ಹೋದಾಗ ಅತ್ತೆಯ ಮೆಷಿನ್ನಿನ ಲಯ ತಪ್ಪುತ್ತಿತ್ತು. "ಎಣ್ಣೆ ಹಾಕಿಲ್ಲ" ಎಂದಳು. ನೋಡಿದರೆ ಕುರ್ಚಿಯ ಅಂಚಿಗೆ ಜಾರಿ ಕೂತಿದ್ದಾಳೆ. ಮಂಡಿ ಬಿಗಿದು ಕಾಲು ಪೂರ್ತಿ ಚಾಚಲಾಗುತ್ತಿಲ್ಲ. ಹೇಳಿದರೆ ಮೆಷಿನ್ನು ಮಾರಿಸಿಬಿಡುತ್ತೇವೆ ಎಂಬ ಭಯ ಅವಳಿಗೆ.

"ಅತ್ತೆ, ಎಡಭುಜ ಇಳಿದಿದೆ" ಎಂದೆ.

ನಾನು ಅವಳ ಕೊರಳಿನ ಟೇಪು ತೆಗೆದು, ನೆಲದ ಮೇಲೆ ಕೂತು ಅವಳ ಕಾಲು ಅಳೆದೆ. ಗುಂಡಿಗಳ ಡಬ್ಬಿಯಿಂದ ನಾಲ್ಕು ಪದರ ಆರಿಸಿ, ಜೋಡಿಸಿ ಹೊಲಿದು, ಮೆಷಿನ್ನಿನ ಪೆಡಲ್ಲಿಗೆ ಕಟ್ಟಿದೆ.

"ಹೊಲಿಗೆ ಸೊಟ್ಟ" ಎಂದಳು. ಆಮೇಲೆ ಪಾದ ಇಟ್ಟು ನೋಡಿ, "ಇದನ್ನ ಬಿಚ್ಚೋದು ಯಾವಾಗ?" ಎಂದು ಕೇಳಿದಳು.

"ಬಿಚ್ಚೋದಿಲ್ಲ ಅತ್ತೆ. ಡಬ್ಬೀಲಿ ಇನ್ನೂ ಮೂರಿವೆ."